ರಾವಣನ ದಾರೀಲಿ ಎರಡು ಸೈಕಲ್ಲು!

ಮುರುಡೇಶ್ವರದಿಂದ ಗೋಕರ್ಣ... ಒಂದೇ ಒಂದು ಹಗಲು... ಸೂರ್ಯನ ಜೊತೆ ಪಂದ್ಯ! ಗೆದ್ದವರು ಯಾರು?

ರಾವಣ ಅಂದರೆ ನಿಮಗೆ ಯಾರು ನೆನಪಾಗ್ತಾರೆ? ಕ್ಯಾಲೆಂಡರಿನ ಹತ್ತು ತಲೆ ರಾಕ್ಷಸನೇ? ಅಲ್ಲ ಸ್ವಾಮಿ, ನನಗೂ ನನ್ನ ಗೆಳೆಯನಿಗೂ ರಾವಣ ಅಂದರೆ ಅಣ್ಣಾವ್ರು! 1958ರ ‘ಭೂಕೈಲಾಸ’ದ ರಾಜ್‌ಕುಮಾರ್! ಅದೇ ವರ್ಷ ತೆಲುಗಿನಲ್ಲೂ ಅದೇ ಕಥೆ ಚಿತ್ರವಾಯಿತು. ಅಲ್ಲಿ ಎನ್.ಟಿ. ರಾಮರಾವ್ ರಾವಣ, ಅಕ್ಕಿನೇನಿ ನಾಗೇಶ್ವರರಾವ್ ನಾರದ. ನಮ್ಮಲ್ಲಿ ನಾರದನಾಗಿ ತಂಬೂರಿ ಹಿಡಿದವರು ಕಲ್ಯಾಣ್‌ಕುಮಾರ್. ಟಾಕೀಸಿನಲ್ಲಿ ಶಿಳ್ಳೆ ಹಾಕಿ ಆ ಚಿತ್ರ ನೋಡುವ ಯೋಗ ನಮ್ಮ ತಲೆಮಾರಿಗೆ ಇರಲಿಲ್ಲ. ಫೋನಿನ ಅಂಗೈಯಗಲದ ಪರದೆಯಲ್ಲಿ, ಒಂದು ಮಳೆಗಾಲದ ರಾತ್ರಿ, ಇಬ್ಬರೂ ಒಂದೇ ಕಂಬಳಿಯಲ್ಲಿ ಕೂತು ನೋಡಿದೆವು.

ಕಥೆ ನಿಮಗೆ ಗೊತ್ತೇ ಇದೆ. ರಾವಣ ಘೋರ ತಪಸ್ಸು ಮಾಡಿ ಶಿವನಿಂದ ಆತ್ಮಲಿಂಗ ಪಡೆಯುತ್ತಾನೆ. ಒಂದೇ ಷರತ್ತು, ಲಂಕೆ ಮುಟ್ಟುವ ತನಕ ಅದನ್ನು ನೆಲಕ್ಕಿಡಬಾರದು. ಗೋಕರ್ಣದ ಹತ್ತಿರ ಬಂದಾಗ ವಿಷ್ಣು ಸೂರ್ಯನಿಗೆ ಚಕ್ರ ಅಡ್ಡ ಹಿಡಿಯುತ್ತಾನೆ. ಸಂಜೆಯಾಯಿತು ಅಂದುಕೊಂಡ ರಾವಣನಿಗೆ ಸಂಧ್ಯಾವಂದನೆಯ ಅವಸರ. ವಟುವಿನ ವೇಷದ ಗಣಪತಿಯ ಕೈಗೆ ಲಿಂಗ ಕೊಡುತ್ತಾನೆ. ಗಣಪ ಮೂರು ಸಲ ಕೂಗಿ, ಇಟ್ಟೇಬಿಡುತ್ತಾನೆ!

ಚಿತ್ರ ಮುಗಿದಾಗ ಗೆಳೆಯ ಒಂದು ಮಾತು ಹೇಳಿದ. “ಲೇ, ರಾವಣ ಸೋತಿದ್ದು ಬಲ ಇಲ್ಲದೆ ಅಲ್ಲ ಕಣೋ. ಟೈಮ್ ಸಾಲದೆ!”

ಅಲ್ಲಿಂದ ಶುರುವಾಯಿತು ನೋಡಿ ಈ ಹುಚ್ಚು.

ಪಂದ್ಯ ಕಟ್ಟಿದ್ದು ಹೀಗೆ

ಸಿಟ್ಟಿಗೆದ್ದ ರಾವಣ ಲಿಂಗದ ಮೇಲಿದ್ದ ಸಾಮಾನನ್ನೆಲ್ಲ ಕಿತ್ತು ದಿಕ್ಕುದಿಕ್ಕಿಗೆ ಬಿಸಾಡಿದನಂತೆ. ಸಂಪುಟ ಬಿದ್ದದ್ದು ಕಾರವಾರದ ಸಜ್ಜೇಶ್ವರದಲ್ಲಿ, ಮುಚ್ಚಳ ಗುಣವಂತೆಯಲ್ಲಿ, ದಾರ ಧಾರೇಶ್ವರದಲ್ಲಿ, ಹೊದಿಸಿದ್ದ ಬಟ್ಟೆ ಮುರುಡೇಶ್ವರದಲ್ಲಿ. ಲಿಂಗ ಮಾತ್ರ ಗೋಕರ್ಣದಲ್ಲೇ ಉಳಿಯಿತು. ಇದು ಸ್ಥಳಪುರಾಣ. ಈಗ ಉತ್ತರ ಕನ್ನಡದ ನಕ್ಷೆ ತೆಗೆದು ನೋಡಿ. ಮುರುಡೇಶ್ವರ, ಗುಣವಂತೆ, ಧಾರೇಶ್ವರ, ಗೋಕರ್ಣ... ಎಲ್ಲಾ ಒಂದರ ಮೇಲೊಂದು ಕಡಲಿನ ಅಂಚಿಗೇ ಇವೆ! ಸೈಕಲ್ ಸವಾರನಿಗೆ ಇದಕ್ಕಿಂತ ಒಳ್ಳೆ ಸ್ಕ್ರಿಪ್ಟ್ ಬೇಕೇ?

“ಮುರುಡೇಶ್ವರದಲ್ಲಿ ಬೆಳಿಗ್ಗೆ ಹೊರಡೋಣ. ಸೂರ್ಯ ಮುಳುಗೋದರೊಳಗೆ ಗೋಕರ್ಣ. ರಾತ್ರಿ ಅಲ್ಲೇ ಟೆಂಟು. ರಾವಣನ ಕೈಲಾಗದ್ದನ್ನ ನಾವು ಮಾಡಿ ತೋರಿಸೋಣ!” ಅಂದ ಗೆಳೆಯ. ಸೋತವನು ಮುಂದಿನ ದೊಡ್ಡ ಚಿತ್ರದ ಮೊದಲ ದಿನ ಮೊದಲ ಆಟಕ್ಕೆ ಇಬ್ಬರಿಗೂ ಟಿಕೆಟ್ ತೆಗೆಸಬೇಕು. ಅವನು ಆಗುತ್ತೆ ಅಂದ, ನಾನು ಆಗಲ್ಲ ಅಂದೆ. ಕೈ ಕೈ ತಟ್ಟಿದೆವು.

ಅವನದ್ದು ಇಪ್ಪತ್ತೊಂದು ಗೇರಿನ ಹೊಸ ಸೈಕಲ್ಲು. ನನ್ನದು ಅಪ್ಪನ ಕಾಲದ ಕಪ್ಪು ಸೈಕಲ್ಲು, ಹಿಂದೆ ಹಾಲಿನ ಕ್ಯಾನು ಕಟ್ಟುವಂಥ ಭಾರಿ ಕ್ಯಾರಿಯರ್. ಟೆಂಟು, ಎರಡು ಹೊದಿಕೆ, ಪಂಪು, ಪಂಕ್ಚರ್ ಸಾಮಾನು, ತೆಂಗಿನ ಹಗ್ಗ, ಒಂದು ಡಬ್ಬಿ ಅವಲಕ್ಕಿ ಎಲ್ಲಾ ನನ್ನ ಕ್ಯಾರಿಯರ್ ಮೇಲೆ. ಹೀರೋ ಹಗುರ, ಹೀರೋನ ಗೆಳೆಯ ಭಾರ. ಎಲ್ಲಾ ಚಿತ್ರಗಳಲ್ಲೂ ಹಾಗೇ ಅಲ್ಲವೇ?

ಹೀರೋ ಎಂಟ್ರಿ

ಜನವರಿ ತಿಂಗಳು. ಹಿಂದಿನ ದಿನವೇ ಬಸ್ಸಿನ ತಲೆ ಮೇಲೆ ಸೈಕಲ್ ಕಟ್ಟಿಸಿ ಮುರುಡೇಶ್ವರಕ್ಕೆ ಬಂದಿಳಿದಿದ್ದೆವು. ಬೆಳಿಗ್ಗೆ ಆರಕ್ಕೆ ಹೊರಡುವುದು ಅಂತ ಮಾತಾಗಿತ್ತು. 123 ಅಡಿ ಎತ್ತರದ ಶಿವನ ಮುಂದೆ ನಿಂತು ನಮ್ಮ ಹೀರೋ ಫೋಟೋ ತೆಗೆಸಿಕೊಂಡದ್ದೇ ತೆಗೆಸಿಕೊಂಡದ್ದು! ಒಂದು ಪೋಸು ಸೈಕಲ್ ಎತ್ತಿ, ಒಂದು ಪೋಸು ಕನ್ನಡಕ ಹಾಕಿ, ಒಂದು ಕನ್ನಡಕ ತೆಗೆದು... ಅದು ಮುಗಿದ ಮೇಲೆ, “ಒಂದು ಮುಳುಗು ಹಾಕಿ ಬರ್ತೀನಿ” ಅಂತ ಶರ್ಟಿನ ಗುಂಡಿಗೆ ಕೈ ಹಾಕಿದ.

ನಾನು ಬೇಡ ಅಂದೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹುಡುಗಿಯರನ್ನು ಇದೇ ಕಡಲು ಎಳೆದುಕೊಂಡಿತು. ಆ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ.

“ಅವರು ಮಕ್ಕಳು ಕಣೋ. ನಾನು ತುಂಗೆಯಲ್ಲಿ ಈಜು ಕಲಿತವನು!” ಅಂದ.

ಇಲ್ಲೊಂದು ಮಾತು. ಹೊಳೆಯ ಈಜು ಬೇರೆ, ಕಡಲಿನ ಈಜು ಬೇರೆ. ದಡಕ್ಕೆ ನುಗ್ಗಿದ ನೀರು ವಾಪಸು ಹೋಗಲೇಬೇಕು. ಅದು ಕೆಲವು ಕಡೆ ಓಣಿ ಮಾಡಿಕೊಂಡು ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಆ ಓಣಿಯ ಮೇಲೆ ಅಲೆ ಒಡೆಯುವುದು ಕಡಿಮೆ. ಹಾಗಾಗಿ ನೋಡುವವರಿಗೆ ಅದೇ ಶಾಂತವಾದ ಜಾಗ ಅನ್ನಿಸುತ್ತದೆ! ಗೊತ್ತಿಲ್ಲದವರು ಅಲ್ಲಿಗೇ ಇಳಿಯುತ್ತಾರೆ. ಆ ಸೆಳೆತಕ್ಕೆ ಎದುರಾಗಿ ದಡದ ಕಡೆ ಈಜಿದವನು ಸುಸ್ತಾಗಿ ಮುಳುಗುತ್ತಾನೆ. ಗಾಬರಿ ಬಿಟ್ಟು, ದಡಕ್ಕೆ ಅಡ್ಡಡ್ಡವಾಗಿ ಈಜಿ ಆ ಓಣಿಯಿಂದ ಹೊರಗೆ ಬಂದವನು ಉಳಿಯುತ್ತಾನೆ. ಸಿನಿಮಾದಲ್ಲಾದರೆ ನಿರ್ದೇಶಕರು ‘ಕಟ್’ ಅಂತಾರೆ. ಕಡಲಿಗೆ ಆ ಪದ ಗೊತ್ತಿಲ್ಲ.

ಅಂತೂ ಗುಂಡಿ ಹಾಕಿಕೊಂಡ. ಹೊರಟಾಗ ಎಂಟೂವರೆ! ಎರಡೂವರೆ ಗಂಟೆ ಆಗಲೇ ಖೋತಾ.

ಶಂಕ್ರಣ್ಣನ ಸೀಮೆ

ಮೊದಲು 17 ಅನ್ನುತ್ತಿದ್ದ, ಈಗ 66 ಅನ್ನುವ ಹೆದ್ದಾರಿ. ಅಗಲವೇನೋ ಆಗಿದೆ, ಆದರೆ ಲಾರಿ ಪಕ್ಕದಲ್ಲಿ ಹಾದಾಗ ಸೈಕಲ್ಲು ಎಲೆಯ ಹಾಗೆ ನಡುಗುತ್ತದೆ. ಎಡಗಡೆ ಬಿಳಿ ಗೆರೆಯ ಆಚೆಯೇ ನಮ್ಮ ರಾಜ್ಯ. ಒಬ್ಬರ ಹಿಂದೆ ಒಬ್ಬರು, ಎಂದೂ ಜೋಡಿಯಾಗಿ ಅಲ್ಲ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ತಣ್ಣಗೆ ಬಲಗೆನ್ನೆ ಸವರಿಕೊಂಡು ಹೋಗುತ್ತದೆ. ಗೇರು ಮರ, ತೆಂಗಿನ ತೋಟ, ಕೆಂಪು ಕಲ್ಲಿನ ಗೋಡೆ, ಮಧ್ಯೆ ಮಧ್ಯೆ ಕಡಲಿನ ನೀಲಿ ತುಂಡು. ಗುಣವಂತೆಯಲ್ಲಿ ಇಳಿದು ಕೈಮುಗಿದು, ಒಂದು ಬಾಟ್ಲಿ ನೀರು ಕುಡಿದು ಮತ್ತೆ ಹತ್ತಿದೆವು.

ಸುಮಾರು 25 ಕಿಲೋಮೀಟರ್ ತುಳಿದ ಮೇಲೆ ಬಂದಳು ಶರಾವತಿ! ಜೋಗದಲ್ಲಿ ಧುಮುಕಿ ಆರ್ಭಟಿಸುವ ಆ ತಾಯಿ ಇಲ್ಲಿ ಎಷ್ಟು ಅಗಲ, ಎಷ್ಟು ಶಾಂತ! ಆಚೆಗೆ ಕೊಂಕಣ ರೈಲಿನ ಸೇತುವೆ, ಎರಡು ಕಿಲೋಮೀಟರಿಗೂ ಉದ್ದ. ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ ಸೇತುವೆ ಅದು.

ಸೇತುವೆ ದಾಟಿದರೆ ಹೊನ್ನಾವರ. ನಮ್ಮ ಹೀರೋ ಸೈಕಲ್ ನಿಲ್ಲಿಸಿ, ಬಗ್ಗಿ, ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಯಾಕೆ ಅಂತ ಕೇಳಬೇಕೇ? ಶಂಕರ್‌ನಾಗ್ 1954ರಲ್ಲಿ ಹುಟ್ಟಿದ್ದು ಈ ಸೀಮೆಯಲ್ಲೇ! 1980ರಲ್ಲಿ ‘ಆಟೋ ರಾಜ’ ಬಂದದ್ದೇ ಬಂದದ್ದು, ಇವತ್ತಿಗೂ ಆಟೋಗಳ ಹಿಂದೆ ಆ ಮುಖ ಇದೆ. ಅದೇ ವರ್ಷ ‘ಮಿಂಚಿನ ಓಟ’. ಹೆಸರಿಗೆ ತಕ್ಕ ಹಾಗೆ ಬದುಕೂ ಮಿಂಚಿನ ಓಟವೇ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಹೆದ್ದಾರಿಯಲ್ಲೇ ಆ ಓಟ ನಿಂತುಹೋಯಿತು. ಮೂವತ್ತಾರು ತುಂಬಿರಲಿಲ್ಲ.

ಗೆಳೆಯ ಸುಮ್ಮನೆ ನಿಂತಿದ್ದ. ಆಮೇಲೆ, ಅಲ್ಲಿಯವರೆಗೆ ಹ್ಯಾಂಡಲ್ಲಿಗೆ ನೇತುಹಾಕಿದ್ದ ಹೆಲ್ಮೆಟ್ಟನ್ನು ತೆಗೆದು ತಲೆಗೆ ಹಾಕಿಕೊಂಡ. ನಾನೂ ಏನೂ ಹೇಳಲಿಲ್ಲ.

ಇಂಟರ್‌ವಲ್... ಅದೂ ಎರಡು ಸಲ!

ಮಧ್ಯಾಹ್ನ ಬಂಗಡೆ ಮೀನಿನ ಊಟ, ಮೇಲೆ ಮುರುಗಲ ಹಣ್ಣಿನ ಶರಬತ್ತು. ಹೊಟ್ಟೆ ತುಂಬಿತು, ಬಿಸಿಲು ಏರಿತು, ಗಾಳಿ ತಿರುಗಿತು. ಹೌದು, ಮಧ್ಯಾಹ್ನದ ಮೇಲೆ ನೆಲ ಕಾದು ಗಾಳಿ ಕಡಲಿಂದ ನೆಲಕ್ಕೆ ಬೀಸುತ್ತದೆ. ಉತ್ತರಕ್ಕೆ ಹೋಗುವ ನಮಗೆ ಅದು ಎಡಗಡೆಯಿಂದ, ಎದೆಗೆ ಓರೆಯಾಗಿ. ಬೆಳಿಗ್ಗೆ ಒಂದು ತುಳಿತಕ್ಕೆ ಹೋದಷ್ಟು ದೂರಕ್ಕೆ ಈಗ ಎರಡು ತುಳಿತ. ಬೆಳಗಿನ ಎರಡೂವರೆ ಗಂಟೆಯ ಬೆಲೆ ಆಗ ಗೊತ್ತಾಯಿತು.

ಧಾರೇಶ್ವರ ಇನ್ನೇನು ಬಂತು ಅನ್ನುವಾಗ ‘ಟುಸ್ಸ್...!’ ಹೀರೋ ಸೈಕಲ್ಲಿನ ಹಿಂದಿನ ಚಕ್ರ!

ಮರದ ನೆರಳಿನಲ್ಲಿ ಸೈಕಲ್ ಮಗುಚಿ ಹಾಕಿ, ಟ್ಯೂಬ್ ಎಳೆದು, ಉಜ್ಜಿ, ಸಲ್ಯೂಷನ್ ಹಚ್ಚಿದೆವು. ಸಲ್ಯೂಷನ್ ಒಣಗಲು ಐದು ನಿಮಿಷ ಬಿಡಬೇಕು. ಅವನು ಎರಡು ನಿಮಿಷಕ್ಕೇ ಪ್ಯಾಚ್ ಒತ್ತಿದ. ಟೈರಿನ ಒಳಗೆ ಬೆರಳಾಡಿಸಿ ಮುಳ್ಳು, ತಂತಿ ಏನಾದರೂ ಉಳಿದಿದೆಯಾ ಅಂತ ನೋಡಬೇಕು. ನೋಡಲಿಲ್ಲ. “ಹೊತ್ತಾಯ್ತು ನಡಿ ಗುರು!” ಅಂತ ಹತ್ತಿಯೇಬಿಟ್ಟ.

ಎರಡು ಕಿಲೋಮೀಟರ್ ಕೂಡ ಹೋಗಿಲ್ಲ, ಮತ್ತೆ ‘ಟುಸ್ಸ್!’ ಲಾರಿ ಟೈರು ಸಿಡಿದಾಗ ಉದುರುವ ಕೂದಲೆಳೆಯಂಥ ತಂತಿ, ಮೊದಲ ತೂತು ಮಾಡಿದ್ದೇ ಎರಡನೆಯದನ್ನೂ ಮಾಡಿತ್ತು! ಈ ಸಲ ಅವಸರದ ಪ್ಯಾಚೂ ಬಿಟ್ಟುಕೊಂಡಿತ್ತು. ಉಳಿಸಿದ್ದು ಮೂರು ನಿಮಿಷ, ಕಳೆದದ್ದು ಮುಕ್ಕಾಲು ಗಂಟೆ. ಲೆಕ್ಕ ಹಾಕಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಛೇಸಿಂಗ್

ಕುಮಟಾ ತಲುಪಿದಾಗ ಬಿಸಿಲಿಗೆ ಹಳದಿ ಬಣ್ಣ ಬಂದಿತ್ತು. ಇಲ್ಲಿಂದ ಗೋಕರ್ಣಕ್ಕೆ ಎರಡು ದಾರಿ. ಹೆದ್ದಾರಿಯಲ್ಲಿ ಮಿರ್ಜಾನದ ಮೇಲೆ ಸುತ್ತಿ ಹೋದರೆ ಮೂವತ್ತು ಕಿಲೋಮೀಟರಿನ ಆಸುಪಾಸು. ಇಲ್ಲವೇ ಬಾಡ, ಕಾಗಾಲ ದಾಟಿ ಅಘನಾಶಿನಿ ಅನ್ನುವ ಊರಿಗೆ ಹೋಗಿ, ದೋಣಿಗೆ ಸೈಕಲ್ ಹತ್ತಿಸಿ, ಹೊಳೆ ದಾಟಿ ತದಡಿಯಲ್ಲಿ ಇಳಿದರೆ ಗೋಕರ್ಣ ಅಲ್ಲೇ ಪಕ್ಕ. ಚಾ ಅಂಗಡಿಯವರು, “ದೋಣಿಗೆ ಹೋಗೂದಾದ್ರೆ ಈಗ್ಲೇ ಹೋಗಿ, ಕತ್ತಲಾದ್ರೆ ಇಲ್ಲ” ಅಂದರು. ಚಾ ಅರ್ಧಕ್ಕೇ ಬಿಟ್ಟು ಎದ್ದೆವು.

ಆ ಹತ್ತು ಕಿಲೋಮೀಟರ್ ಇದೆಯಲ್ಲ, ಅದನ್ನು ಚಿತ್ರ ತೆಗೆಯಬೇಕಿತ್ತು! ಕಿರಿದಾದ ರಸ್ತೆ, ಏರು, ಇಳಿತ, ತಿರುವು. ಶಾಲೆ ಬಿಟ್ಟ ಮಕ್ಕಳು “ಹೋ...!” ಅಂತ ನಮ್ಮ ಹಿಂದೆ ಓಡಿದವು. ಎಡಗಡೆ ಮರಗಳ ಸಂದಿನಲ್ಲಿ ಸೂರ್ಯ ನಮ್ಮ ಜೊತೆಗೇ ಓಡುತ್ತಿದ್ದ, ಒಮ್ಮೆ ಕಂಡು ಒಮ್ಮೆ ಮರೆಯಾಗಿ, ಪ್ರತಿ ಸಲವೂ ಇಷ್ಟಿಷ್ಟು ಕೆಳಗೆ. ನನ್ನ ಕಪ್ಪು ಸೈಕಲ್ಲಿನ ಚೈನು ಕಿರುಗುಟ್ಟುತ್ತಿತ್ತು, ತೊಡೆ ಬೆಂಕಿಯಾಗಿತ್ತು.

ಕಟ್ಟೆಗೆ ಬಂದು ಬ್ರೇಕು ಹಾಕಿದಾಗ ದೋಣಿ ಹೊಳೆಯ ನಡುವೆ ಇತ್ತು. ಆಚೆ ದಡಕ್ಕೆ ಹೋಗುತ್ತಿತ್ತು. ಅದೇ ಕೊನೆಯದು.

ಸೂರ್ಯ ಮುಳುಗಿದ.

ಕ್ಲೈಮ್ಯಾಕ್ಸ್

ತದಡಿಯ ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಕೈ ಚಾಚಿದರೆ ಸಿಗುತ್ತದೆ ಅನ್ನುವಷ್ಟು ಹತ್ತಿರ! ತಲೆ ಮೇಲೆ ಅರ್ಧ ಚಂದ್ರ. ಹೊಳೆ ಗಾಜಿನ ಹಾಗೆ ನಯವಾಗಿತ್ತು. ದಡದಲ್ಲಿ ಒಂದು ಪುಟ್ಟ ದೋಣಿ ಕಟ್ಟಿತ್ತು, ಒಳಗೆ ಹುಟ್ಟು.

ಗೆಳೆಯ ಆ ದೋಣಿಯನ್ನೇ ನೋಡುತ್ತಿದ್ದ. “ನಾವೇ ಹಾಕ್ಕೊಂಡು ಹೋಗಿಬಿಡೋಣ. ಬೆಳಿಗ್ಗೆ ತಂದು ಬಿಟ್ರಾಯ್ತು.”

“ತಲೆ ಕೆಟ್ಟಿದ್ಯಾ?”

“ಸೂರ್ಯ ಮುಳುಗಿದ್ರೂ ಬೆಳಕಿದೆ. ಹತ್ತು ನಿಮಿಷದ ಕೆಲಸ. ನಾನು ಬಿಡಲ್ಲ ಗುರು, ಇಷ್ಟು ಹತ್ತಿರ ಬಂದು!”

ಹಗ್ಗ ಬಿಚ್ಚಿ ಒಂದು ಕಾಲು ಒಳಗಿಟ್ಟೇಬಿಟ್ಟ. ನಾನು ಹಗ್ಗದ ತುದಿ ಹಿಡಿದು ಎಳೆದೆ. ಅವನು “ಬಿಡೋ” ಅಂದ. ನಾನು ಬಿಡಲಿಲ್ಲ. “ಹೆದರುಪುಕ್ಲ!” ಅಂದ. ಇನ್ನೂ ಏನೇನೋ ಅಂದ, ಇಲ್ಲಿ ಬರೆಯುವಂಥದ್ದಲ್ಲ. ನಾನೂ ಅಂದೆ. ಹತ್ತು ವರ್ಷದ ಸ್ನೇಹ ಆ ಒಂದು ಹಗ್ಗದ ಮೇಲೆ ನಿಂತಿತ್ತು.

ಗಲಾಟೆ ಕೇಳಿ ತೆಂಗಿನ ತೋಟದಿಂದ ಒಬ್ಬರು ಅಜ್ಜ ಬಂದರು. ಮೈಮೇಲೆ ಒಂದು ಪಂಚೆ, ಹೆಗಲಲ್ಲಿ ಬಲೆ. ದೋಣಿ ಅವರದ್ದೇ. ಬೈತಾರೆ ಅಂದುಕೊಂಡೆವು. ಬೈಯಲಿಲ್ಲ.

“ಎಲ್ಲಿಗೆ ತಮಾ?”

“ಗೋಕರ್ಣಕ್ಕೆ ಅಜ್ಜ. ದೋಣಿ ತಪ್ಪೋಯ್ತು. ನೀವಾದ್ರೂ ದಾಟಿಸ್ತೀರಾ? ಎಷ್ಟಾದ್ರೂ ಕೊಡ್ತೀವಿ.”

ಅಜ್ಜ ಉತ್ತರ ಹೇಳಲಿಲ್ಲ. ಕಾಲ ಬುಡದಲ್ಲಿದ್ದ ತೆಂಗಿನ ಸಿಪ್ಪೆಯೊಂದನ್ನು ಎತ್ತಿ ಹೊಳೆಯ ನಡುವಿಗೆ ಬೀಸಿ ಎಸೆದರು. “ನೋಡು” ಅಂದರು.

ನೋಡಿದೆವು. ಗಾಜಿನ ಹಾಗಿದ್ದ ಆ ನೀರಿನ ಮೇಲೆ ಸಿಪ್ಪೆ ಒಂದು ಕ್ಷಣ ತೇಲಿತು. ಆಮೇಲೆ ಯಾರೋ ದಾರ ಕಟ್ಟಿ ಎಳೆದ ಹಾಗೆ ಕಡಲಿನ ಕಡೆಗೆ ಹೊರಟಿತು. ನಡೆಯಲಿಲ್ಲ, ಓಡಿತು. ಅಳಿವೆಯ ಬಾಯಿಯಲ್ಲಿ ಬಿಳಿ ನೊರೆ ಏಳುತ್ತಿತ್ತು. ಅಲ್ಲಿ ಒಂದು ಸಲ ಕಪ್ಪಗೆ ಕಂಡಿತು. ಮತ್ತೆ ಕಾಣಲಿಲ್ಲ.

“ಇಳಿತ” ಅಂದರು ಅಜ್ಜ. “ಕಡಲು ತನ್ನ ನೀರು ವಾಪಸ್ ತಕಂತಾ ಉಂಟು. ಹೊಳೆ ನೀರೂ ಅದ್ರ ಸಂಗ್ತಿಗೇ. ನಾನೇ ಈಗ ಇಳಿಯೂದಿಲ್ಲ.”

ಗೆಳೆಯನ ಒಂದು ಕಾಲು ಇನ್ನೂ ದೋಣಿಯಲ್ಲೇ ಇತ್ತು.

“ಗೋಕರ್ಣ ಎಲ್ಲೂ ಓಡಿ ಹೋಗೂದಿಲ್ಲ, ತಮಾ. ರಾವಣ ಎಳ್ದ್ರೇ ಅಲ್ಲಾಡ್ಲಿಲ್ಲ. ನಾಳೆ ಬೆಳಗಾಗೂದ್ರೊಳಗೆ ಎಲ್ಲಿಗೆ ಹೋಗ್ತದೆ?”

ಅವನು ಕಾಲು ತೆಗೆದ. ನಾನು ಹಗ್ಗ ಬಿಟ್ಟೆ. ಅಂಗೈ ಕೆಂಪಗಾಗಿತ್ತು.

ಟೆಂಟಿನೊಳಗೆ

ಕಡಲದಂಡೆಯ ಮೇಲೆ ಟೆಂಟು ಹಾಕುವ ಕನಸು ಕಂಡಿದ್ದವರಿಗೆ ಸಿಕ್ಕಿದ್ದು ಅಜ್ಜನ ಅಂಗಳ. ಅದೇ ಒಳ್ಳೆಯದಾಯಿತು. ಮರಳಿನ ಮೇಲೆ ಹಸಿ ಗೆರೆ ಎಲ್ಲಿದೆಯೋ ಅಲ್ಲಿವರೆಗೆ ರಾತ್ರಿ ನೀರು ಬರುತ್ತದೆ ಅಂತ ಅರ್ಥ, ಅದರ ಕೆಳಗೆ ಟೆಂಟು ಹೂಡಿದವನು ಹಾಸಿಗೆ ಸಮೇತ ಎದ್ದು ಓಡಬೇಕು. ತೆಂಗಿನ ಮರದ ನೇರ ಕೆಳಗೂ ಬೇಡ, ಕಾಯಿ ಬಿದ್ದರೆ ಟೆಂಟು ತಡೆಯುವುದಿಲ್ಲ! ಇದನ್ನೂ ಅಜ್ಜನೇ ಹೇಳಿಕೊಟ್ಟರು.

ಮನೆಯ ಅಮ್ಮ ಕುಚ್ಚಲಕ್ಕಿ ಗಂಜಿ, ಒಣ ಶೆಟ್ಲಿ ಚಟ್ನಿ ಬಡಿಸಿದರು. ಸೀಗಡಿಗೆ ಇಲ್ಲಿ ಶೆಟ್ಲಿ ಅನ್ನುತ್ತಾರೆ. ಆ ರುಚಿಯ ಮುಂದೆ ಯಾವ ಸ್ಟಾರ್ ಹೋಟೆಲ್ಲೂ ನಿಲ್ಲದು. ಅಜ್ಜ ಹೊಳೆಯ ಕಥೆ ಹೇಳಿದರು. ಶಿರಸಿಯ ಕಡೆಯಿಂದ ಬರುವ ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಮೇಲಿನಿಂದ ಸಿಹಿನೀರು, ಕೆಳಗಿನಿಂದ ಉಪ್ಪುನೀರು, ಎರಡೂ ತಮ್ಮ ತಮ್ಮ ಹೊತ್ತಿಗೆ ಬಂದು ಹೋಗುತ್ತವೆ. ಇಳಿತದ ಹೊತ್ತಿಗೆ ಊರಿನವರು ಹೊಳೆಗಿಳಿದು ಚಿಪ್ಪಿ ಆರಿಸುತ್ತಾರೆ, ಭರತದ ಹೊತ್ತಿಗೆ ಹತ್ತಿ ಬರುತ್ತಾರೆ. ಗಜನಿ ಗದ್ದೆಯಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿದೆ, ಅಂದರೆ ಇಡೀ ಜಗತ್ತಿಗೆ ಬೇಕಾದ ಜೌಗುಭೂಮಿ ಅಂತ ಮನ್ನಣೆ. ಇಲ್ಲಿನ ಜನಕ್ಕೆ ಗಡಿಯಾರ ಗೋಡೆ ಮೇಲಿಲ್ಲ, ಹೊಳೆಯಲ್ಲಿದೆ.

ಟೆಂಟಿನಲ್ಲಿ ಮಲಗಿ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಹೊರಗೆ ಏಡಿಗಳ ಸರಸರ. ದೂರದಲ್ಲಿ ಕಡಲಿನ ಗುಡುಗು.

“ಮಲಗಿದ್ಯಾ?” ಅಂದ.

“ಇಲ್ಲ.”

“ಆ ಸಿಪ್ಪೆ ಈಗ ಎಲ್ಲಿರಬಹುದೋ...”

ನಾನು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಕತ್ತಲಲ್ಲೇ ಕೈ ಚಾಚಿ ನನ್ನ ಅಂಗೈ ಹಿಡಿದು, ಹಗ್ಗದ ಬರೆ ಎಷ್ಟಿದೆ ಅಂತ ಬೆರಳಲ್ಲಿ ಮುಟ್ಟಿ ನೋಡಿದ. ಅಷ್ಟೇ. ನಮ್ಮ ಕಡೆ ಕ್ಷಮೆ ಕೇಳೋದು ಹಾಗೇ ಅಲ್ಲವೇ!

ಶುಭಂ

ಬೆಳಿಗ್ಗೆ ಮೊದಲ ದೋಣಿ. ಎರಡು ಸೈಕಲ್ಲು, ನಾಲ್ಕು ಮೀನಿನ ಬುಟ್ಟಿ, ಪಾಟಿಚೀಲದ ಮಕ್ಕಳು. ಹತ್ತು ನಿಮಿಷಕ್ಕೆ ತದಡಿ! ರಾತ್ರಿಯೆಲ್ಲ ಆಕಾಶದಷ್ಟು ದೂರ ಅನ್ನಿಸಿದ್ದ ದಡ. ಅಲ್ಲಿಂದ ಆರಾಮವಾಗಿ ತುಳಿದುಕೊಂಡು ಗೋಕರ್ಣ. ಮಹಾಬಲೇಶ್ವರನ ಮುಂದೆ ಕೈಮುಗಿದು ಹೊರಗೆ ಬಂದಾಗ ಗೆಳೆಯ ಜೇಬಿಗೆ ಕೈ ಹಾಕಿದ. “ಟಿಕೆಟ್ ನನ್ನ ಲೆಕ್ಕ. ಬಾಲ್ಕನಿ” ಅಂದ. ಸೋತವನ ಮುಖದಲ್ಲಿ ಅಂಥ ನಗು ನಾನು ಯಾವ ಚಿತ್ರದಲ್ಲೂ ನೋಡಿಲ್ಲ.

ಹೊರಡುವ ಗೆಳೆಯರೇ, ನಿಮಗೆ ನಾಲ್ಕು ಮಾತು. ನವೆಂಬರಿನಿಂದ ಫೆಬ್ರವರಿ ಒಳ್ಳೆ ಕಾಲ, ಮಳೆಗಾಲದಲ್ಲಿ ಬೇಡವೇ ಬೇಡ. ಬೆಳಕು ಹರಿಯುವಾಗಲೇ ಹೊರಡಿ, ಗಾಳಿ ತಿರುಗುವ ಮುಂಚೆ ಹೆಚ್ಚಿನ ದಾರಿ ಮುಗಿಸಿ. ದೋಣಿಯ ಹೊತ್ತನ್ನು ಅಲ್ಲಿಯವರನ್ನೇ ಕೇಳಿ. ಕೇಳದೆ ಯಾರ ಜಾಗದಲ್ಲೂ ಟೆಂಟು ಹೂಡಬೇಡಿ. ಚಳಿಗಾಲದಲ್ಲಿ ಈ ದಂಡೆಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೆಂಕಿ, ದೊಡ್ಡ ದೀಪ ಹಾಕಿದರೆ ಅವು ದಿಕ್ಕು ತಪ್ಪುತ್ತವೆ. ಪಂಕ್ಚರ್ ಆದರೆ ಟೈರಿನೊಳಗೆ ಬೆರಳಾಡಿಸುವುದನ್ನು ಮರೆಯಬೇಡಿ!

ಮತ್ತೆ ಕೊನೆಯ ದೋಣಿ ತಪ್ಪಿತೋ? ತಪ್ಪಲಿ ಬಿಡಿ. ಟೆಂಟು ಇದೆಯಲ್ಲ, ಅದನ್ನು ಹೊತ್ತು ತಂದಿರುವುದೇ ಅದಕ್ಕೆ!